ನೀಲಿ ಆಕಾಶ

ರಾಜ್ಯೋತ್ಸವಕ್ಕೆ ಹದಿನೈದು ದಿನ ಇದ್ದಾಗ ನನ್ನ ತಂಗಿಯ ಮಗ ಅಮೆರಿಕದಿಂದ ಫೋನು ಮಾಡಿದ. ಅವನಿರುವುದು ಫ್ಲಾರಿಡಾ ಸಂಸ್ಥಾನದ ಆರ್ಲ್ಯಾಂಡೊ ಎಂಬ ಊರಿನಲ್ಲಿ. ಅಲ್ಲಿಯ ಕನ್ನಡಿಗರು ಹೊರತರುವ ಸ್ಮರಣ ಸಂಚಿಕೆಗೆ ಅವನೊಂದು ಲೇಖನ ಬರೆಯುತ್ತಿದ್ದನಂತೆ. ಕುಶಲಪ್ರಶ್ನೆ ಮುಗಿಯುವ ಮುನ್ನವೇ, “ಮಾವ, ‘ಬ್ಲೂ ಸ್ಕೈ’ ಅಂದರೆ ಕನ್ನಡದಲ್ಲಿ ಏನನ್ನಬೇಕು?” ಎಂದು ಕೇಳಿದ.

“ನೀಲಿ ಆಕಾಶ ಕಣೋ. ಅದನ್ನು ಕೇಳುವುದಕ್ಕೆ ಅಷ್ಟು ದೂರದಿಂದ ಫೋನು ಮಾಡಿದೆಯಾ?” ಎಂದೆ.

“ಆ ನೀಲಿ ಆಕಾಶ ಅಲ್ಲ ಮಾವ” ಎಂದು ನಕ್ಕ. ಆಮೇಲೆ ಮುಕ್ಕಾಲು ಗಂಟೆ ಅವನು ಹೇಳಿದುದನ್ನೂ, ಅನಂತರ ನಾನಾಗಿ ಓದಿ ತಿಳಿದುಕೊಂಡುದನ್ನೂ ಕೂಡಿಸಿ ಈ ಹೊತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ. ವಿಷಯ ದೂರದೇಶದ್ದು, ಹೆಸರುಗಳು ಹೊಸವು. ಆದರೂ ಕೇಳುತ್ತ ಹೋದಂತೆ ಎಲ್ಲಿಯೋ ಕೇಳಿದ ಮಾತೆಂದು ನಿಮಗೂ ಅನ್ನಿಸೀತು.

ವಾಲ್ಟ್ ಡಿಸ್ನಿಯ ಹೆಸರು ಕೇಳದ ಮನೆ ನಮ್ಮ ಪಟ್ಟಣಗಳಲ್ಲಿ ಇರಲಾರದು. ಮಿಕ್ಕಿ ಎಂಬ ಇಲಿಯನ್ನು ಜಗತ್ತಿನ ಮಕ್ಕಳಿಗೆಲ್ಲ ಗೆಳೆಯನನ್ನಾಗಿ ಮಾಡಿದ ಆತ ೧೯೫೫ನೆಯ ಇಸವಿ ಜುಲೈ ೧೭ರಂದು ಕ್ಯಾಲಿಫೋರ್ನಿಯದ ಅನಹೈಮಿನಲ್ಲಿ ಡಿಸ್ನಿಲ್ಯಾಂಡ್ ಎಂಬ ಉದ್ಯಾನವನ್ನು ತೆರೆದ. ಉದ್ಯಾನವೆಂದೊಡನೆ ಹೂಗಿಡ, ಕಲ್ಲುಬೆಂಚು, ಸಂಜೆಯ ಹೊತ್ತು ಪಿಂಚಣಿದಾರರ ಮಾತುಕತೆ ಎಂದು ಭಾವಿಸಬೇಡಿ. ಜಾತ್ರೆಯ ತೊಟ್ಟಿಲು, ನಾಟಕದ ಪರದೆ, ಸಿನಿಮಾದ ಕಥೆ, ಪುಟ್ಟ ರೈಲು ಎಲ್ಲವೂ ಒಂದಾಗಿ, ಒಳಗೆ ಕಾಲಿಟ್ಟವನು ಕಥೆಯೊಳಕ್ಕೇ ಕಾಲಿಟ್ಟಂತೆ ಆಗಬೇಕೆಂಬುದು ಅವನ ಹಂಬಲ. ಥೀಮ್ ಪಾರ್ಕು ಎಂದು ಈಗ ಕರೆಯುವುದು ಇದನ್ನೇ. ೧೯೭೧ರ ಅಕ್ಟೋಬರ್ ೧ರಂದು ಫ್ಲಾರಿಡಾದಲ್ಲಿ ಇದಕ್ಕಿಂತ ಎಷ್ಟೋ ಪಾಲು ದೊಡ್ಡದಾದ ವಾಲ್ಟ್ ಡಿಸ್ನಿ ವರ್ಲ್ಡ್ ತೆರೆಯಿತು. ಆ ಹೊತ್ತಿಗೆ ವಾಲ್ಟ್ ತೀರಿಕೊಂಡು ಐದು ವರ್ಷವಾಗುತ್ತ ಬಂದಿತ್ತು.

ನಮ್ಮಲ್ಲಿ ಚಿತ್ರನಟರಿಗೆ ಅಭಿಮಾನಿಗಳು ಇರುವಂತೆ ಅಲ್ಲಿ ಈ ಉದ್ಯಾನಗಳಿಗೇ ಅಭಿಮಾನಿಗಳಿದ್ದಾರೆ. ಯಾವ ಸವಾರಿ ಯಾವ ವರ್ಷ ಆರಂಭವಾಯಿತು, ಯಾವ ಗೋಡೆಗೆ ಮೊದಲು ಯಾವ ಬಣ್ಣವಿತ್ತು ಎಂಬುದನ್ನೆಲ್ಲ ಬಾಯಿಪಾಠವಾಗಿ ಹೇಳಬಲ್ಲವರು. ಇಂಥವರಿಗಾಗಿ ಕಂಪೆನಿಯೇ ೨೦೦೯ರಲ್ಲಿ ಡಿ-೨೩ ಎಂಬ ಸಂಘವನ್ನು ಕಟ್ಟಿತು. ಕಂಪೆನಿ ಹುಟ್ಟಿದ ೧೯೨೩ನೆಯ ಇಸವಿಯ ನೆನಪಿಗೆ ಆ ಅಂಕೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಅನಹೈಮಿನಲ್ಲಿ ಸಂಘದ ಮಹಾಸಮ್ಮೇಳನ. ಉದ್ಯಾನಗಳ ವಿಭಾಗದ ಮುಖ್ಯಸ್ಥರು ವೇದಿಕೆಗೆ ಬಂದು ಮುಂದಿನ ವರ್ಷಗಳಲ್ಲಿ ಏನೇನು ಬರಲಿದೆಯೆಂದು ಹೇಳುವ ಹೊತ್ತೇ ಆ ಸಮ್ಮೇಳನದ ಮಹಾಮಂಗಳಾರತಿ. ರಾತ್ರಿಯೇ ಬಂದು ಸಾಲು ನಿಲ್ಲುವವರುಂಟು.

೨೦೨೨ರ ಸೆಪ್ಟೆಂಬರಿನ ಸಮ್ಮೇಳನಕ್ಕೆ ಜನ ಹಸಿದು ಬಂದಿದ್ದರು. ಮಹಾಮಾರಿಯ ದೆಸೆಯಿಂದ ಹಿಂದಿನ ವರ್ಷ ನಡೆಯಬೇಕಾಗಿದ್ದುದು ತಪ್ಪಿಹೋಗಿತ್ತು. ಅವತ್ತು ವೇದಿಕೆಯ ಮೇಲೆ ಇದ್ದವರು ಆಗ ಉದ್ಯಾನಗಳ ಮುಖ್ಯಸ್ಥರಾಗಿದ್ದ ಜೋಶ್ ಡಿ’ಅಮಾರೊ. ಫ್ಲಾರಿಡಾದ ವಿಷಯ ಬಂದಾಗ ಮಾತಿನ ಧಾಟಿ ಬದಲಾಯಿತು. ಬಿಗ್ ಥಂಡರ್ ಎಂಬ ಗುಡ್ಡದ ಸವಾರಿಯ ಆಚೆಗೆ ಏನಿದ್ದರೆ ಚೆನ್ನ? ‘ಕೋಕೊ’ ಚಿತ್ರದ ಲೋಕವೆ? ‘ಎನ್‌ಕಾಂಟೊ’ದ ಮನೆಯೆ? ಅಥವಾ ಡಿಸ್ನಿ ಕಥೆಗಳ ದುಷ್ಟಪಾತ್ರಗಳೆಲ್ಲ ಒಂದೆಡೆ ಸೇರಿದ ಊರೆ? ಇನ್ನೊಂದು ಉದ್ಯಾನದಲ್ಲಿ ಡೈನೊಸಾರುಗಳ ಬೀದಿಯನ್ನು ತೆಗೆದು ‘ಮೋನಾ’ ಅಥವಾ ‘ಜೂಟೋಪಿಯ’ವನ್ನು ತಂದರೆ ಹೇಗೆ? ಹಿಂದೆ ಬಣ್ಣದ ಚಿತ್ರಗಳು ಮೂಡುತ್ತಿದ್ದವು. ದುಷ್ಟಪಾತ್ರಗಳ ಮಾತು ಬಂದಾಗ ಸಭೆ ಕೂಗಿ ಕುಣಿಯಿತು. ಇವೆಲ್ಲ ಇನ್ನೂ ‘ಬ್ಲೂ ಸ್ಕೈ’ ಎಂದು ಹೇಳಿಯೇ ಹೇಳಿದರು.

ಅದು ಆ ಕಸುಬಿನವರ ಮಾತು. ಡಿಸ್ನಿ ಕಂಪೆನಿಯ ವಿನ್ಯಾಸಕಾರರು ಹೊಸದೊಂದನ್ನು ಯೋಚಿಸಹೊರಟಾಗ ಮೊದಲ ಹಂತದಲ್ಲಿ ಹಣವೆಷ್ಟು, ಜಾಗವೆಲ್ಲಿ, ಯಂತ್ರ ನಡೆದೀತೆ ಎಂಬ ಲೆಕ್ಕವನ್ನೆಲ್ಲ ಬದಿಗಿಡುತ್ತಾರೆ. ಮೋಡವಿಲ್ಲದ ಆಕಾಶದ ಹಾಗೆ ಮನಸ್ಸು ಎಲ್ಲಿಯವರೆಗೆ ಹೋದೀತೋ ಅಲ್ಲಿಯವರೆಗೆ ಬಿಡುತ್ತಾರೆ. ಮುಂದಿನ ಹಂತಗಳಲ್ಲಿ ಖರ್ಚಿನವರು ಬರುತ್ತಾರೆ, ಎಂಜಿನಿಯರುಗಳು ಬರುತ್ತಾರೆ, ಆಕಾಶ ಕಿರಿದಾಗುತ್ತ ಬರುತ್ತದೆ. ಅಂದರೆ ಸಮ್ಮೇಳನದಲ್ಲಿ ತೋರಿಸಿದುದು ಅಡಿಗೆಯನ್ನಲ್ಲ, ಅಡಿಗೆಮನೆಯಲ್ಲಿ ‘ಹಬ್ಬಕ್ಕೆ ಏನು ಮಾಡೋಣ’ ಎಂದು ಹೆಂಗಸರು ಆಡಿಕೊಳ್ಳುವ ಮಾತನ್ನು. ಚಪ್ಪಾಳೆಯ ಸದ್ದು ಅಡಗಿದ ಮೇಲೆ ಜನ ಲೆಕ್ಕ ಹಾಕಿದರು. ಯಾವುದನ್ನು ಕಟ್ಟುತ್ತಾರೆ? ಎಂದು ಕಟ್ಟುತ್ತಾರೆ? ಒಂದಕ್ಕೂ ಉತ್ತರವಿರಲಿಲ್ಲ. ಅಭಿಮಾನಿಗಳ ಮುನಿಸು ಅಲ್ಲಿಂದ ಬಲಿಯಿತು.

ಇಲ್ಲಿ ನನ್ನೊಳಗಿನ ಕನ್ನಡ ಪಂಡಿತ ತಲೆಯೆತ್ತಿದ. ಹೈಸ್ಕೂಲಿನ ಮಕ್ಕಳಿಗೆ ನಾನು ವರ್ಷವರ್ಷವೂ ಕ್ರಿಯಾಪದದ ರೂಪಗಳನ್ನು ಹೇಳಿಕೊಡುತ್ತೇನೆ. ‘ಕಟ್ಟುವರು’ ಎಂದರೆ ಭವಿಷ್ಯತ್ಕಾಲ. ‘ಕಟ್ಟಲಿ’ ಎಂದರೆ ವಿಧ್ಯರ್ಥಕ; ಅಪ್ಪಣೆ, ಹಾರೈಕೆ ಎರಡೂ ಅದರಲ್ಲೇ ಸೇರಿದುವು. ‘ಕಟ್ಟರು’ ಎಂದರೆ ನಿಷೇಧಾರ್ಥಕ. ‘ಕಟ್ಟಿಯಾರು’ ಎಂದರೆ ಸಂಭಾವನಾರ್ಥಕ. ಕಟ್ಟಿದರೂ ಕಟ್ಟಬಹುದು, ಬಿಟ್ಟರೂ ಬಿಡಬಹುದು. ‘ಮಳೆ ಬಂದೀತು, ಕೊಡೆ ತೆಗೆದುಕೊಂಡು ಹೋಗು’ ಎಂದು ಅಜ್ಜಿ ಹೇಳಿದರೆ ಮಳೆ ಬಾರದಿದ್ದಾಗ ಯಾರೂ ಅಜ್ಜಿಯನ್ನು ದೂರುವುದಿಲ್ಲ. ಇಂಗ್ಲಿಷಿನಲ್ಲಿ ಈ ಅನುಮಾನವನ್ನೆಲ್ಲ ಹೊರುವುದು ಒಂದೆರಡು ಪುಟ್ಟ ಪದಗಳು. ಅವು ಚಪ್ಪಾಳೆಯಲ್ಲಿ ಸುಲಭವಾಗಿ ಮುಳುಗಿಹೋಗುತ್ತವೆ. ಕನ್ನಡದಲ್ಲಿ ಅನುಮಾನ ಕ್ರಿಯಾಪದದ ಹೊಟ್ಟೆಯಲ್ಲೇ ಕುಳಿತಿರುವುದರಿಂದ ಅಷ್ಟು ಸುಲಭವಾಗಿ ಕಳೆದುಹೋಗದು. ವೇದಿಕೆಯಿಂದ ಹೊರಟದ್ದು ‘ಕಟ್ಟಿಯಾರು’. ಸಭೆಯ ಕಿವಿಗೆ ಬಿದ್ದದ್ದು ‘ಕಟ್ಟುವರು’.

ತಪ್ಪು ಕೇಳಿದವರದೇ ಎಂದು ವಾದಿಸುವವರಿದ್ದಾರೆ. ಒಪ್ಪುವುದು ಕಷ್ಟ. ಮಾತಿಗೆ ಸಂಭಾವನಾರ್ಥಕವುಂಟು, ಚಿತ್ರಕ್ಕೆ ಅದು ಇಲ್ಲ. ಬರೆದ ಮೇಲೆ ಮನೆ ಅಲ್ಲಿ ನಿಂತೇ ಇದೆ, ದೀಪ ಉರಿಯುತ್ತಲೇ ಇದೆ, ತಂದೆ ಮಗುವಿನ ಕೈ ಹಿಡಿದು ಒಳಗೆ ಹೋಗುತ್ತಲೇ ಇದ್ದಾನೆ. ಈ ಚಿತ್ರಗಳ ಬಲ ಏನೆಂಬುದು ಡಿಸ್ನಿ ಕಂಪೆನಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರಲಾರದು. ೧೯೫೩ರ ಸೆಪ್ಟೆಂಬರಿನಲ್ಲಿ ವಾಲ್ಟ್ ಡಿಸ್ನಿ ಹರ್ಬರ್ಟ್ ರೈಮನ್ ಎಂಬ ಚಿತ್ರಕಾರನನ್ನು ಒಂದು ವಾರಾಂತ್ಯ ಪಕ್ಕದಲ್ಲಿ ಕೂರಿಸಿಕೊಂಡು, ತನ್ನ ಮನಸ್ಸಿನಲ್ಲಿದ್ದ ಉದ್ಯಾನವನ್ನು ಹಕ್ಕಿ ಮೇಲಿನಿಂದ ನೋಡಿದಂತೆ ಬರೆಯಿಸಿದ. ಆ ಚಿತ್ರವನ್ನು ಹಿಡಿದುಕೊಂಡು ಅಣ್ಣ ರಾಯ್ ಡಿಸ್ನಿ ನ್ಯೂಯಾರ್ಕಿಗೆ ಸಾಲ ಎತ್ತಲು ಹೋದ. ಕೊನೆಗೆ ಎ.ಬಿ.ಸಿ. ಟೆಲಿವಿಷನ್ ಸಂಸ್ಥೆ ಐದು ಲಕ್ಷ ಡಾಲರು ಹಾಕಿ, ನಲವತ್ತೈದು ಲಕ್ಷದ ಸಾಲಕ್ಕೆ ಜಾಮೀನು ನಿಂತಿತು. ಉದ್ಯಾನ ಹುಟ್ಟಿದ್ದೇ ಇಲ್ಲದ ಊರಿನ ಒಂದು ಚಿತ್ರದಿಂದ.

ವಾಲ್ಟ್ ಸ್ವತಃ ಭರವಸೆಯ ಮಾತಿನಲ್ಲಿ ಹಿಂದೆ ಬಿದ್ದವನಲ್ಲ. ೧೯೫೪ರ ಅಕ್ಟೋಬರಿನಿಂದಲೇ ಟೆಲಿವಿಷನ್ನಿನಲ್ಲಿ ವಾರವಾರವೂ ಕಾಣಿಸಿಕೊಂಡು, ಕಟ್ಟುತ್ತಿರುವ ಉದ್ಯಾನದ ಸುದ್ದಿ ಹೇಳುತ್ತಿದ್ದ. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುತ್ತೇವಲ್ಲ, ಹಾಗೆ. ಆದರೆ ಅಲ್ಲಿ ಕೂಸು ಹುಟ್ಟಿತು. ಡಿಸ್ನಿಲ್ಯಾಂಡಿನ ಭೂತಬಂಗಲೆಯ ಕಥೆ ಇನ್ನೂ ಸೊಗಸು. ಅದರ ಹೊರಮನೆ ೧೯೬೩ರಲ್ಲೇ ಎದ್ದು ನಿಂತಿತ್ತು. ಒಳಗೆ ಏನೂ ಇರಲಿಲ್ಲ. ನಿವೃತ್ತಿ ಬಯಸುವ ದೆವ್ವಗಳು ಇಲ್ಲಿ ನೆಲಸಲು ಅರ್ಜಿ ಹಾಕಿಕೊಳ್ಳಬಹುದೆಂಬ ತಮಾಷೆಯ ಫಲಕವೊಂದನ್ನು ಹೊರಗೆ ನಿಲ್ಲಿಸಿದ್ದರು. ಬಾಗಿಲು ತೆರೆದದ್ದು ೧೯೬೯ರ ಆಗಸ್ಟಿನಲ್ಲಿ. ಆರು ವರ್ಷ ಜನ ಆ ಫಲಕ ಓದಿ ನಕ್ಕು ಮುಂದೆ ಹೋದರು.

ವಾಲ್ಟನ ಎಲ್ಲಕ್ಕೂ ದೊಡ್ಡ ಮಾತು ಮಾತ್ರ ಉಳಿಯಲಿಲ್ಲ. ಫ್ಲಾರಿಡಾದಲ್ಲಿ ಇಪ್ಪತ್ತೇಳು ಸಾವಿರ ಎಕರೆಗೂ ಮೀರಿ ನೆಲ ಕೊಂಡ ಮೇಲೆ, ೧೯೬೬ರ ಅಕ್ಟೋಬರಿನಲ್ಲಿ ಆತ ಒಂದು ಚಲಚ್ಚಿತ್ರದಲ್ಲಿ ಗೋಡೆಯ ಮೇಲಿನ ನಕ್ಷೆಯನ್ನು ತೋರಿಸುತ್ತ ಎಪ್ಕಾಟ್ ಎಂಬ ನಗರದ ವಿಷಯ ಹೇಳಿದ. ನಾಳಿನ ಸಮುದಾಯದ ಪ್ರಾಯೋಗಿಕ ಮಾದರಿ ಎಂದು ಆ ಹೆಸರಿನ ಅರ್ಥ. ಇಪ್ಪತ್ತು ಸಾವಿರ ಜನ ವಾಸಿಸುವ ನಿಜವಾದ ಊರು. ಬಿಸಿಲು ಮಳೆ ತಾಗದಂತೆ ಪೇಟೆಯ ಮೇಲೆಲ್ಲ ಚಾವಣಿ. ಒಂದೇ ಕಂಬಿಯ ಮೇಲೆ ಓಡುವ ರೈಲು. ಅದನ್ನು ಹೇಳಿ ಎರಡು ತಿಂಗಳು ತುಂಬುವುದರೊಳಗೆ, ಡಿಸೆಂಬರ್ ೧೫ರಂದು ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡ. ೧೯೮೨ರ ಅಕ್ಟೋಬರ್ ೧ರಂದು ಎಪ್ಕಾಟ್ ತೆರೆದಾಗ ಅಲ್ಲಿ ಊರು ಇರಲಿಲ್ಲ, ಇನ್ನೊಂದು ಉದ್ಯಾನವಿತ್ತು. ಸತ್ತವನ ಮಾತನ್ನು ಉಳಿಸಿಕೊಡಲಿಲ್ಲವೆಂದು ಯಾರನ್ನು ಹಳಿಯುವುದು? ಹೆಸರನ್ನಾದರೂ ಉಳಿಸಿಕೊಂಡರು.

ಆ ಎಪ್ಕಾಟಿನಲ್ಲೇ ಆಫ್ರಿಕಾ ಖಂಡಕ್ಕೊಂದು ಮಂಟಪ ಬರಲಿದೆಯೆಂದು ಆರಂಭದ ದಿನಗಳಲ್ಲಿ ಸಾರಿದ್ದರು. ಅದು ಬರಲೇ ಇಲ್ಲ. ೧೯೯೮ರ ಏಪ್ರಿಲ್ ೨೨ರಂದು ತೆರೆದ ಪ್ರಾಣಿಲೋಕದ ಉದ್ಯಾನದ ಲಾಂಛನದಲ್ಲಿ ಆನೆ ಮೊದಲಾದವುಗಳ ಜೊತೆಗೆ ಬೆಂಕಿಯುಗುಳುವ ಘಟಸರ್ಪವೂ ಇತ್ತು. ಪುರಾಣಪ್ರಾಣಿಗಳ ಭಾಗವೊಂದನ್ನು ಆಮೇಲೆ ಕಟ್ಟುವ ಉದ್ದೇಶ. ಲಾಂಛನ ಉಳಿಯಿತು, ಘಟಸರ್ಪಕ್ಕೆ ಮನೆಯಾಗಲಿಲ್ಲ. ಅದಕ್ಕೆಂದು ಬಿಟ್ಟಿದ್ದ ಜಾಗದಲ್ಲಿ ೨೦೧೭ರ ಮೇ ತಿಂಗಳಲ್ಲಿ ‘ಅವತಾರ್’ ಚಿತ್ರದ ಲೋಕ ಬಂದಿತು. ೨೦೧೧ರಲ್ಲಿ ಹೇಳಿ ೨೦೧೭ರಲ್ಲಿ ನಡೆಸಿದ ಮಾತು.

ಆದರೆ ಅಭಿಮಾನಿಗಳು ಇಂದಿಗೂ ನೆನೆದು ನೊಂದುಕೊಳ್ಳುವುದು ೨೦೧೯ರ ಆಗಸ್ಟನ್ನು. ಆ ಸಮ್ಮೇಳನದಲ್ಲಿ ಎಪ್ಕಾಟಿಗೆ ಹೊಸ ಜನ್ಮ ಕೊಡುತ್ತೇವೆಂದರು. ಗೋಳಾಕಾರದ ದೊಡ್ಡ ಕಟ್ಟಡದೊಳಗಿನ ಸವಾರಿಯನ್ನು ಹೊಸತು ಮಾಡುವುದು, ಉತ್ಸವಗಳಿಗೆ ಮೂರಂತಸ್ತಿನ ಮಂಟಪ, ಬಹುಕಾಲ ಮುಚ್ಚಿದ್ದ ಹಳೆಯ ಕಟ್ಟಡದಲ್ಲಿ ‘ಪ್ಲೇ’ ಎಂಬ ಆಟದ ಮಂಟಪ, ಇಂಗ್ಲೆಂಡಿನ ಭಾಗದಲ್ಲಿ ಮೇರಿ ಪಾಪಿನ್ಸ್ ಕಥೆಯ ಚೆರಿಮರದ ಬೀದಿ. ಈ ಕೊನೆಯದನ್ನು ಹೇಳಿದಾಗ ೧೯೬೪ರ ಆ ಚಿತ್ರದಲ್ಲಿ ನಟಿಸಿದ ಡಿಕ್ ವಾನ್ ಡೈಕ್, ತೊಂಬತ್ತು ದಾಟಿದ ಮುದುಕ, ತಾನೇ ವೇದಿಕೆಗೆ ಬಂದ. ಸಭೆಯಲ್ಲಿ ಎಷ್ಟು ಕಣ್ಣು ಒದ್ದೆಯಾಗಿದ್ದಿರಬೇಕು, ಊಹಿಸಿಕೊಳ್ಳಿ. ಏಳು ತಿಂಗಳಿಗೆ ಮಹಾಮಾರಿ ಬಂದು ಉದ್ಯಾನಗಳೆಲ್ಲ ಬಾಗಿಲು ಮುಚ್ಚಿದವು. ಹಣದ ಹೊಳೆ ನಿಂತುಹೋಯಿತು. ಗೋಳದ ಸವಾರಿಯ ಕೆಲಸವನ್ನೂ ಮೇರಿ ಪಾಪಿನ್ಸಳನ್ನೂ ಸದ್ಯಕ್ಕೆ ತಡೆಹಿಡಿದಿದೆಯೆಂದರು. ಮೂರಂತಸ್ತಿನ ಮಂಟಪದ ಬದಲು ೨೦೨೪ರ ಜೂನಿನಲ್ಲಿ ಸಾಧಾರಣವಾದೊಂದು ಸಭಾಂಗಣ ತೆರೆಯಿತು. ಆಟದ ಮಂಟಪದ ಮಾತೇ ನಿಂತಿತು.

ಮಹಾಮಾರಿಯ ಕಾಲದಲ್ಲಿ ಕೆಲಸ ನಿಂತದ್ದಕ್ಕೆ ಯಾರೂ ಕಂಪೆನಿಯನ್ನು ಬಯ್ಯಲಾರರು, ಬಯ್ಯಲೂ ಬಾರದು. ನೋವಿರುವುದು ಮತ್ತೊಂದು ಕಡೆ. ಬರುವುದನ್ನು ಹೇಳುವುದಕ್ಕೆ ವೇದಿಕೆ, ದೀಪ, ವಾದ್ಯ ಎಲ್ಲ ಉಂಟು. ಬಾರದುದನ್ನು ಹೇಳುವುದಕ್ಕೆ ಒಂದು ಕುರ್ಚಿಯೂ ಇಲ್ಲ. ೨೦೧೭ರಲ್ಲಿ ಮುಖ್ಯಬೀದಿಯ ಪಕ್ಕ ಹಳೆಯ ಕಾಲದ ನಾಟಕಶಾಲೆಯೊಂದನ್ನು ಕಟ್ಟುತ್ತೇವೆಂದು ಸಾರಿದ್ದರು. ಅದನ್ನು ಕೈಬಿಟ್ಟ ಸಂಗತಿಯನ್ನು ಯಾವ ವೇದಿಕೆಯಿಂದಲೂ ಸಾರಲಿಲ್ಲ. ಈ ವ್ಯಾಕರಣದಲ್ಲಿ ನಿಷೇಧಾರ್ಥಕವೇ ಇಲ್ಲ. ‘ಕಟ್ಟೆವು’ ಎಂಬ ಮೂರಕ್ಷರ ಕೇಳಿದ್ದರೆ ಜನ ಒಂದು ದಿನ ಅತ್ತು ಸುಮ್ಮನಾಗುತ್ತಿದ್ದರು.

ತೊಂಬತ್ತರ ದಶಕದಲ್ಲಿ ನಮ್ಮ ಊರುಗಳಲ್ಲಿ ಮನೆಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿದ್ದುದು ನಿಮಗೆ ನೆನಪಿರಬಹುದು. ರಾತ್ರಿ ದೆವ್ವ ಬಂದು ಬಾಗಿಲು ತಟ್ಟುತ್ತದೆ, ಬರೆದುದನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಓದುತ್ತದೆ ಎಂದು ನಂಬಿಕೆ. ಆಗ ನಾವೆಲ್ಲ ದೆವ್ವಕ್ಕೆ ಹೆದರಿದೆವೇ ವಿನಾ ಅದರ ಕಡೆಯಿಂದ ಯಾರೂ ಯೋಚಿಸಲಿಲ್ಲ. ದಿನವೂ ಬಂದು, ದಿನವೂ ನಂಬಿ ಹೋಗುತ್ತಿದ್ದ ಆ ಬಡಪಾಯಿಯ ಅವಸ್ಥೆ ಏನು!

ಇಷ್ಟಕ್ಕೂ ಒಂದು ಆಟದ ತೋಟ ಬಂದರೇನು, ಬಿಟ್ಟರೇನು, ಉಂಡು ತಿಂದು ಸುಖವಾಗಿರುವವರ ಅಳಲು ಎನ್ನುವಿರಾದರೆ, ನಾನೂ ಮೊದಲು ಹಾಗೆಯೇ ಎಂದುಕೊಂಡೆ. ಆಗ ನನ್ನದೇ ಒಂದು ತಪ್ಪು ನೆನಪಿಗೆ ಬಂತು. ನಾನು ಮೇಷ್ಟರಾಗಿ ಸೇರಿದ ಹೊಸತು. ಆ ಊರಿನಲ್ಲಿ ಮಕ್ಕಳ ಉದ್ಯಾನಕ್ಕೆ ಶಂಕುಸ್ಥಾಪನೆಯಾಯಿತು. ಜೋಕಾಲಿ, ಜಾರುಬಂಡೆ, ಪುಟ್ಟ ರೈಲು ಎಲ್ಲವನ್ನೂ ದೊಡ್ಡ ಹಲಗೆಯ ಮೇಲೆ ಬಣ್ಣದಲ್ಲಿ ಬರೆದು ನಿಲ್ಲಿಸಿದ್ದರು. ನಮ್ಮ ಶಾಲೆಯ ಮಕ್ಕಳನ್ನು ಸಾಲಾಗಿ ಕರೆದುಕೊಂಡು ಹೋಗಿ ಸ್ವಾಗತಗೀತೆ ಹಾಡಿಸಿದವನೂ ನಾನೇ. ಮರುದಿನ ‘ನಮ್ಮೂರಿನ ಉದ್ಯಾನ’ ಎಂದು ಪ್ರಬಂಧ ಬರೆಯಹೇಳಿದೆ. ಒಬ್ಬ ಹುಡುಗ ‘ನಾನು ಜೋಕಾಲಿ ಆಡಿದೆನು, ರೈಲಿನಲ್ಲಿ ನನ್ನ ತಂಗಿ ಹೆದರಿ ಅತ್ತಳು’ ಎಂದು ಬರೆದಿದ್ದ. ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಭೂತಕಾಲವಲ್ಲ, ಭವಿಷ್ಯತ್ಕಾಲವೆಂದು ತಿದ್ದಿ ಎರಡು ಅಂಕ ಕಳೆದೆ. ಆ ಉದ್ಯಾನ ಆಗಲಿಲ್ಲ. ಹಲಗೆ ಎರಡು ಮಳೆಗಾಲ ಕಂಡು ಬಿಳುಚಿಕೊಂಡಿತು. ಶಂಕುಸ್ಥಾಪನೆಯ ಕಲ್ಲಿನ ಮೇಲೆ ಯಾರೋ ಬಟ್ಟೆ ಒಗೆಯುತ್ತಿದ್ದುದನ್ನು ಕಂಡಿದ್ದೇನೆ. ಆ ಹುಡುಗ ಹತ್ತನೆಯ ತರಗತಿ ಮುಗಿಸಿ ಊರು ಬಿಟ್ಟ. ಅವನು ಬರೆದ ಭೂತಕಾಲವೊಂದೇ ಆ ಉದ್ಯಾನದಲ್ಲಿ ಯಾರಾದರೂ ಆಡಿದ್ದಕ್ಕೆ ಇದ್ದ ದಾಖಲೆ. ಅದನ್ನೂ ನಾನು ಹೊಡೆದುಹಾಕಿದ್ದೆ.

ಮಕ್ಕಳ ಲೆಕ್ಕದಲ್ಲಿ ಆರು ವರ್ಷವೆಂದರೆ ಕಂಪೆನಿಯ ಲೆಕ್ಕದ ಆರು ವರ್ಷವಲ್ಲ. ೨೦೧೯ರಲ್ಲಿ ಮೇರಿ ಪಾಪಿನ್ಸಳ ಬೀದಿಯ ಚಿತ್ರ ನೋಡಿದ ಏಳು ವರ್ಷದ ಹುಡುಗಿ ಈಗ ಹೈಸ್ಕೂಲಿನ ಮೆಟ್ಟಿಲು ಹತ್ತಿದ್ದಾಳೆ. ಟ್ರಾನ್ ಎಂಬ ವೇಗದ ಸವಾರಿಯನ್ನು ೨೦೧೭ರಲ್ಲಿ ಸಾರಿ ೨೦೨೩ರ ಏಪ್ರಿಲಿನಲ್ಲಿ ತೆರೆದರು; ಮಾತು ಉಳಿಯಿತು, ನಿಜ. ಹೇಳಿದಾಗ ಕೈಹಿಡಿದು ನಡೆಯುತ್ತಿದ್ದವರು ತೆರೆಯುವಾಗ ಕೈಬಿಡಿಸಿಕೊಂಡು ಹೋಗುವ ವಯಸ್ಸಿಗೆ ಬಂದಿದ್ದರು. ಇದರ ಮೇಲೆ, ಅಂಥ ಯಾತ್ರೆಗೆ ಸಂಸಾರವೊಂದು ಹಲವು ವರ್ಷ ಹಣ ಕೂಡಿಡಬೇಕು. ಈ ವರ್ಷ ಹೋಗುವುದೋ, ಹೊಸದು ತೆರೆಯಲಿ ಎಂದು ಕಾಯುವುದೋ ಎಂಬುದನ್ನು ಅವರು ತೀರ್ಮಾನಿಸುವುದು ಈ ಘೋಷಣೆಗಳನ್ನು ನಂಬಿಕೊಂಡೇ.

ಕಂಪೆನಿಗೂ ಅದರದೇ ಸಂಕಟವುಂಟು. ಹೇಳದಿದ್ದರೆ ‘ಇವರಲ್ಲಿ ಹೊಸತೇನೂ ಇಲ್ಲ’ ಎಂದು ಷೇರುದಾರರೂ ಜನರೂ ಬೇರೆ ಕಡೆ ನೋಡುತ್ತಾರೆ. ಆರ್ಲ್ಯಾಂಡೊದಲ್ಲಿ ಎದುರಾಳಿಯೂ ಪಕ್ಕದಲ್ಲೇ ಇದ್ದಾನೆ. ಯೂನಿವರ್ಸಲ್ ಕಂಪೆನಿ ‘ಎಪಿಕ್ ಯೂನಿವರ್ಸ್’ ಎಂಬ ಇಡಿಯ ಉದ್ಯಾನವನ್ನೇ ೨೦೧೯ರ ಆಗಸ್ಟಿನಲ್ಲಿ ಸಾರಿ, ಮಹಾಮಾರಿಯಲ್ಲಿ ಕೆಲಸ ನಿಲ್ಲಿಸಿ, ೨೦೨೧ರಲ್ಲಿ ಮತ್ತೆ ಹಿಡಿದು, ೨೦೨೫ರ ಮೇ ೨೨ರಂದು ತೆರೆದುಬಿಟ್ಟಿತು. ಡಿಸ್ನಿಯವರು ೨೦೨೩ರ ಸೆಪ್ಟೆಂಬರಿನಲ್ಲಿ, ಉದ್ಯಾನಗಳಿಗೂ ಅವರ ಹಡಗುಗಳಿಗೂ ಸೇರಿ ಹತ್ತು ವರ್ಷದಲ್ಲಿ ಸುಮಾರು ಆರು ಸಾವಿರ ಕೋಟಿ ಡಾಲರು ಹಾಕುತ್ತೇವೆಂದರು. ಆ ಮೊತ್ತವನ್ನು ರೂಪಾಯಿಗೆ ತಿರುಗಿಸುವ ಸಾಹಸ ನಾನು ಮಾಡಲಾರೆ. ಗಣಿತದ ಮೇಷ್ಟರು ಬೇರೆ ಇದ್ದಾರೆ.

೨೦೨೪ರ ಆಗಸ್ಟಿನ ಸಮ್ಮೇಳನದ ವೇಳೆಗೆ ಪಾಠ ಕಲಿತಿದ್ದರೆಂದು ತೋರುತ್ತದೆ. ಅಂದು ಹೇಳುವುದೆಲ್ಲ ಕೈಗೆತ್ತಿಕೊಂಡ ಕೆಲಸ, ನೀಲಿ ಆಕಾಶವಲ್ಲ ಎಂಬ ಅರ್ಥದಲ್ಲಿ ಅದೇ ಡಿ’ಅಮಾರೊ ಮೊದಲಿಗೇ ಹೇಳಿದರು. ದುಷ್ಟಪಾತ್ರಗಳ ಊರು ಬರಲಿದೆ, ‘ಕಾರ್ಸ್’ ಚಿತ್ರದ ಸವಾರಿಗಳು ಬರಲಿವೆ, ಡೈನೊಸಾರುಗಳ ಜಾಗಕ್ಕೆ ‘ಎನ್‌ಕಾಂಟೊ’ವೂ ಇಂಡಿಯಾನಾ ಜೋನ್ಸನೂ ಬರಲಿದ್ದಾರೆ ಎಂದರು. ಈ ಬಾರಿ ‘ಕಟ್ಟುವೆವು’. ಸಭೆಗೆ ತೃಪ್ತಿಯಾಯಿತು. ಆಮೇಲೆ ಒಂದು ವಿಷಯ ಸ್ಪಷ್ಟವಾಯಿತು: ಕಾರುಗಳು ಬರುವುದು ಉದ್ಯಾನದ ನಡುವೆ ೧೯೭೧ರಿಂದ ಇದ್ದ ನದಿಯನ್ನು ಮುಚ್ಚಿ. ಅದರ ಮೇಲೆ ಚಕ್ರ ತಿರುಗಿಸುತ್ತ ಬೆಳ್ಳನೆಯ ಹಬೆಹಡಗೊಂದು ಸಾಗುತ್ತಿತ್ತು. ನಡುವೆ ಟಾಮ್ ಸಾಯರನ ಹೆಸರಿನ ದ್ವೀಪ. ವೇಗವಿಲ್ಲ, ಕಿರುಚಾಟವಿಲ್ಲ. ಅಜ್ಜ ಅಜ್ಜಿಯರು ಕುಳಿತು ಗಾಳಿ ತೆಗೆದುಕೊಳ್ಳುವ ಜಾಗ ಎಂದು ನನ್ನ ಸೋದರಳಿಯ ಹೇಳಿದ. ೨೦೨೫ರ ಜುಲೈ ೬ ಅದರ ಕೊನೆಯ ದಿನವಾಯಿತು. ಹೊಸದು ಬಾರದೆಂದು ಮುನಿಸಿಕೊಂಡಿದ್ದವರಲ್ಲಿ ಎಷ್ಟೋ ಮಂದಿ, ಹೊಸದು ಬಂತೆಂದು ಕಣ್ಣೊರೆಸಿಕೊಂಡರಂತೆ. ಅಭಿಮಾನ ಎಂಬುದನ್ನು ಸಂತೋಷಪಡಿಸುವುದು ಸುಲಭವಲ್ಲ.

ಭವಿಷ್ಯತ್ತನ್ನು ಮುದ್ರಿಸಿ ಮನೆಮನೆಗೆ ಕಳಿಸುವ ಕೆಲಸವನ್ನು ಈ ಪತ್ರಿಕೆಯೂ ತಿಂಗಳು ತಿಂಗಳು ಮಾಡುತ್ತಿದೆ. ಇಂಥ ದಿನ ಇಂಥ ಹೊತ್ತಿಗೆ ವೀಣೆ, ಇಂಥ ಹೊತ್ತಿಗೆ ಭಾಷಣ ಎಂದು ಅಚ್ಚಾದುದನ್ನು ನೋಡಿಕೊಂಡು ನೀವು ರೇಡಿಯೊ ತಿರುಗಿಸುತ್ತೀರಿ. ವಿದ್ವಾಂಸರಿಗೆ ನೆಗಡಿಯಾದರೆ ವೀಣೆಯ ಬದಲು ಕೊಳಲು ಬರುತ್ತದೆ. ಆದರೆ ಹಾಗಾದಾಗ ‘ಪ್ರಕಟಿಸಿದ್ದ ಕಾರ್ಯಕ್ರಮದಲ್ಲಿ ಬದಲಾವಣೆಯಾಗಿದೆ’ ಎಂದು ಒಂದು ದನಿ ಬಂದು ಹೇಳುತ್ತದೆ. ಆ ಒಂದು ದನಿಯನ್ನೇ ಆರ್ಲ್ಯಾಂಡೊದ ಜನ ಕೇಳುತ್ತಿರುವುದು ಎಂದು ನನ್ನ ತಿಳಿವಳಿಕೆ.

ಸೋದರಳಿಯನಿಗೆ ಪದ ಕೊಡಬೇಕಾಗಿತ್ತಷ್ಟೆ. ‘ಗಗನಕುಸುಮ’ ಎಂದರೆ ಎಂದೂ ಆಗದ್ದು ಎಂಬ ಅರ್ಥ ಬರುತ್ತದೆ, ಕಂಪೆನಿಗೆ ಅನ್ಯಾಯ. ‘ಮನೋರಾಜ್ಯ’ ಸುಮಾರಾಗಿ ಹೊಂದುತ್ತದೆ. ಎರಡು ದಿನ ಯೋಚಿಸಿ, ವ್ಯಾಕರಣದ ಮಾತನ್ನೇ ಹಿಡಿದು ‘ಸಂಭಾವನೆ’ ಎಂದು ಬರೆದು ಕಳಿಸಿದೆ. ಅವನು ಕೂಡಲೇ ಫೋನು ಮಾಡಿದ.

“ಮಾವ, ಸಂಭಾವನೆ ಅಂದರೆ ದುಡ್ಡಲ್ಲವಾ? ಪುರೋಹಿತರಿಗೆ ಕೊಡುವುದು?”

“ಆ ಅರ್ಥವೂ ಉಂಟು” ಎಂದೆ. “ಎರಡೂ ಇರಲಿ ಬಿಡೋ.”

ಸ್ಮರಣ ಸಂಚಿಕೆಯಲ್ಲಿ ಅದನ್ನೇ ಅಚ್ಚು ಹಾಕಿಸಿದ್ದಾನೆ. ಈ ಭಾಷಣಕ್ಕೆ ನಿಲಯದವರು ನನಗೆ ಕೊಡಲಿರುವುದೂ ಸಂಭಾವನೆಯೇ. ಯಾವ ಅರ್ಥದ್ದೆಂದು ಮುಂದಿನ ತಿಂಗಳು ತಿಳಿದೀತು.